ಫೋಟೋಕ್ಕೆ ಕೊಟ್ಟ ಗಾಲಿಕುರ್ಚಿ

ಸೊರಬದ ಬಸ್ ನಿಲ್ದಾಣದಲ್ಲಿ ನಾನು ಕುಳಿತಿದ್ದ ಬೆಂಚಿನಲ್ಲೇ ಇಬ್ಬರು ಹೆಂಗಸರು ಉಳವಿ ಬಸ್ಸಿಗೆ ಕಾಯುತ್ತಿದ್ದರು. ಹಿರಿಯಾಕೆ ತಿಮ್ಮಕ್ಕ, ಕಿರಿಯಾಕೆ ನಾಗವೇಣಿ ಎಂಬುದು ಮಾತಿನಿಂದಲೇ ತಿಳಿಯಿತು. ತಿಮ್ಮಕ್ಕ ಕೇಳಿದರು:

“ಲಕ್ವ ಹೊಡೆದ ನಿನ್ ಮಾವಂಗೆ ಆ ಸಂಘದೋರು ವೀಲ್‌ಚೇರ್ ಕೊಟ್ರಂತಲ್ಲೆ? ಪೇಪರಲ್ಲಿ ನೋಡ್ದೆ.”

“ಕೂರ್ಸಿದ್ರು ತಿಮ್ಮಕ್ಕ. ಶಾಲು ಹೊದ್ಸಿ ಫೋಟೋ ತೆಗೆದ್ರು. ಆಮೇಲೆ ಎತ್ತಿ ಜಮಖಾನದ ಮೇಲೆ ಇಳ್ಸಿ, ಅದೇ ಕುರ್ಚಿಗೆ ಇನ್ನೊಬ್ರನ್ನ ಕೂರ್ಸಿದ್ರು.”

“ಶಾಲು?”

“ಅದೂ ಅವ್ರಿಗೇ ಹೊದ್ಸಿದ್ರು.”

“ಎಷ್ಟು ಜನಕ್ಕೆ ಒಂದ್ ಕುರ್ಚಿ?”

“ಒಂಬತ್ತು ಜನಕ್ಕೆ. ಉಳಿದಿದ್ದು ಮನೆಗೇ ಬರ್ತದೆ ಅಂದ್ರು. ನಾಲ್ಕು ತಿಂಗ್ಳಾತು.”

“ಹೋಗಿ ಕೇಳ್ಬೇಕಪ್ಪ.”

“ಅವ್ರ ಆಫೀಸಿಂದ್ಲೇ ಬಂದೆ. ಕೊಟ್ಟಾಗಿದೆ ಅಂತ ಬರ್ಕೊಂಡಿದಾರೆ. ಸಾಕ್ಷಿಗೆ ಮಾವನ ಫೋಟೋನೇ ತೋರಿಸ್ತಾರೆ. ನೋಡಿ, ಎಷ್ಟು ಖುಷಿಲಿ ನಗ್ತಿದಾರೆ ಅಂತಾರೆ.”

“ಥೂ, ಎಂಜಲಿಗಿಂತ ಕಡೆ ಇವ್ರ ದಾನ.”

“ಕುರ್ಚಿ ಸಲೀಸಾಗಿ ಒಳಗೆ ಬರ್ಲಿ ಅಂತ ಮಾವ ಮಾರನೇ ದಿನನೇ ಬಡಗಿ ಕರ್ಸಿ ಹೊಸ್ತಿಲು ಕೊಯ್ಸಿದ್ರು.”

“ಹೊಸ್ತಿಲು ಕೊಯ್ಸಿದ್ರಾ? ಮತ್ತೆ ಬೆಳಿಗ್ಗೆ ಅರಿಶಿನ ಕುಂಕುಮ ಎಲ್ಲಿಗೆ ಇಡ್ತೀಯೆ?”

“ಬರೀ ನೆಲಕ್ಕೆ. ತಿರುಗಿ ಹೊಸ್ತಿಲು ಕೂರ್ಸಾಣ ಅಂದ್ರೆ ಮಾವ ಬಿಡಲ್ಲ. ಕುರ್ಚಿ ಬಂದ್ರೆ ಮತ್ತೆ ಕೊಯ್ಯದಾ ಅಂತಾರೆ.”

“ಈಗ ಹೋಗಿ ಏನ್ ಹೇಳ್ತೀಯೆ?”

“ಮುಂದಿನ ವಾರ ಬರ್ತದಂತೆ ಅಂತೀನಿ.”

ಉಳವಿ ಬಸ್ಸು ಬಂತು. ತಿಮ್ಮಕ್ಕ ನಾಗವೇಣಿಯ ಚೀಲವನ್ನೂ ತಾವೇ ಎತ್ತಿಕೊಂಡು, ಇಬ್ಬರಿಗೂ ಸೀಟು ಹಿಡಿಯಲು ಮುಂದೆ ಹೋದರು.