ಮೊದಲನೇ ಎರರ್

ಒಂದೂರಲ್ಲಿ ಒಬ್ಬ ಇಂಜಿನಿಯರ್ ಇದ್ದ. ರಾಜನ ಕಥೆ, ಶ್ರೀಮಂತನ ಕಥೆ ಬಹಳ ಕೇಳಿದ್ದೀರಿ. ಈ ಸಲ ಇಂಜಿನಿಯರನೇ ಇರಲಿ. ಹೆಸರು ರುದ್ರಗೌಡ. ಹೊಳೆಯಲ್ಲಿ ನೀರು ಏರಿದರೆ ಜೋರಾಗಿ ಕೂಗಿ ದಂಡೆಯ ಜನರನ್ನು ಎಚ್ಚರಿಸುವ ಪೆಟ್ಟಿಗೆಗಳನ್ನು ಮಾಡುವುದು ಅವನ ಕೆಲಸ. ಆ ಪೆಟ್ಟಿಗೆಯೊಳಗೂ ಒಂದು ಕಂಪ್ಯೂಟರ್. ಅದರ ಬುಡದಲ್ಲಿ ಕೂತು ಯಾರ ಮಾತು ಯಾರಿಗೆ ಮುಟ್ಟಬೇಕೆಂದು ನೋಡಿಕೊಳ್ಳುವುದಕ್ಕೆ ಕರ್ನಲ್ ಎನ್ನುತ್ತಾರೆ. ಮನೆಯಲ್ಲಿ ಯಜಮಾನಿ ಇರುತ್ತಾಳಲ್ಲ, ಹಾಗೆ. ಅವಳು ಜ್ವರ ಬಂದು ಮಲಗಿದ ದಿನವೇ ಅವಳಿದ್ದದ್ದು ಗೊತ್ತಾಗುವುದು.

ಕರ್ನಲ್ಲನ್ನು ಸಾವಿರಾರು ಕಡತಗಳಲ್ಲಿ ತುಂಡುತುಂಡಾಗಿ ಬರೆದು, ಆಮೇಲೆ ಸೇರಿಸಿ ಒಂದು ಮಾಡುತ್ತಾರೆ. ಅದು ಬಿಲ್ಡ್. ಸೇರದಿದ್ದರೆ ಯಂತ್ರವೇ ದೂರು ಬರೆದು ತೋರಿಸುತ್ತದೆ: ಇಂಥ ಕಡತ, ಇಂಥ ಸಾಲು, ಇಲ್ಲಿ ಎರರ್. ಎಂಥ ಭಾಗ್ಯ ನೋಡಿ! ನಮ್ಮ ನಿಮ್ಮ ತಪ್ಪಿಗೆ ಸಾಲಿನ ಸಂಖ್ಯೆ ಯಾರು ಕೊಡುತ್ತಾರೆ?

ಮರುದಿನ ಪೆಟ್ಟಿಗೆಗಳು ಹೊಳೆದಂಡೆಯ ಊರುಗಳಿಗೆ ಹೊರಡಬೇಕು. ಅದರ ಮರುದಿನ ಅಣೆಕಟ್ಟಿನ ಬಾಗಿಲು ತೆಗೆಯುತ್ತಾರೆ. ರುದ್ರಗೌಡ ಬೆಳಿಗ್ಗೆ ಬಿಲ್ಡ್ ಹಚ್ಚಿದ. ಇನ್ನೂರಾ ಹದಿನಾಲ್ಕು ಎರರ್.

ಬೇಗ ಆಗಲೆಂದು ಕೆಲಸವನ್ನು ಎಂಟು ಪಾಲು ಮಾಡಿ ಒಟ್ಟಿಗೆ ಓಡಿಸುವುದು ಆ ಕಸುಬಿನವರ ರೂಢಿ. ಎಂಟೂ ಒಟ್ಟಿಗೆ ಕೂಗುತ್ತವೆ, ದೂರುಗಳು ಒಂದರ ಮೇಲೊಂದು ಬೀಳುತ್ತವೆ, ಪರದೆಯ ಮೇಲೆ ಕೊನೆಯವು ಮಾತ್ರ ನಿಲ್ಲುತ್ತವೆ. ರುದ್ರಗೌಡ ಕೊನೆಯದನ್ನು ಓದಿದ. ಅದು ಅವನ ಕೈಕೆಳಗಿನ ಇರ್ಫಾನ್ ಬರೆದ ಕಡತ.

“ಏನೋ ಇರ್ಫಾನ, ಕಣ್ಣ ಮುಚ್ಚಿಕೊಂಡ ಬರದೀಯೇನು?”

“ಸರ, ನಿನ್ನೆ ನೆಟ್ಟಗಿತ್ರಿ. ಇವತ್ತ ನಾ ಅದಕ್ಕ ಕೈನ ಹಚ್ಚಿಲ್ಲ.”

“ಹಂಗಾದ್ರ ಅದಕ್ಕ ಕೆಟ್ಟ ಕನಸ ಬಿದ್ದಿತ್ತೇನು?”

ಇರ್ಫಾನನ ಸಾಲನ್ನು ತಾನೇ ತಿದ್ದಿದ. ಎರರ್ ಇನ್ನೂರಾ ಮೂವತ್ತೊಂದಾಯಿತು. ಇನ್ನೊಬ್ಬನನ್ನು ಬೈದು ಅವನ ಸಾಲನ್ನೂ ತಿದ್ದಿದ. ಇನ್ನೂರಾ ಅರವತ್ತು! ಮಧ್ಯಾಹ್ನದ ಊಟವೂ ತಪ್ಪಿತು. ಆಗ ಅವನಿಗೊಂದು ಉಪಾಯ ಹೊಳೆಯಿತು. ಕರ್ನಲ್ಲಿಗೆ ಯಾವ ಯಾವ ಭಾಗ ಸೇರಬೇಕೆಂಬ ಪಟ್ಟಿಯೊಂದಿರುತ್ತದೆ, ಬೇಕಾದ್ದಕ್ಕೆ ಟಿಕ್ ಹಾಕುತ್ತಾರೆ. ಎರರ್‌ಗಳೆಲ್ಲ ಒಂದೇ ಭಾಗದಿಂದ ಬರುತ್ತಿದ್ದವು, ನೀರಿನ ಮಟ್ಟ ಓದುವ ಭಾಗದಿಂದ. ಆ ಟಿಕ್ ತೆಗೆದ. ಬಿಲ್ಡ್ ಹಚ್ಚಿದ. ಸೊನ್ನೆ ಎರರ್! ‘ಮೊದಲು ಸೇರಿತಲ್ಲ, ಉಳಿದದ್ದು ಆಮೇಲೆ ನೋಡೋಣ’ ಎಂದುಕೊಂಡ. ಆಮೇಲೆ ಎಂಬ ಊರು ಯಾವ ಜಿಲ್ಲೆಯಲ್ಲಿದೆಯೋ ನನಗೆ ತಿಳಿಯದು. ಯಾರೋ ಪೇಢಾ ತಂದರು. ಪೇಢೆಯ ಗದ್ದಲದಲ್ಲಿ ಟಿಕ್ ತೆಗೆದದ್ದೇ ಮರೆತುಹೋಯಿತು.

ಪೆಟ್ಟಿಗೆಗಳನ್ನು ಪರೀಕ್ಷೆ ಮಾಡುವವಳು ನೀಲವ್ವ. ಪರೀಕ್ಷೆ ಎಂದರೆ ಒಂದು ಬಕೆಟ್, ಒಂದು ನಲ್ಲಿ; ಪೆಟ್ಟಿಗೆಯ ನೀರಳೆಯುವ ಕೊಳವೆಯನ್ನು ಬಕೆಟ್ಟಿನಲ್ಲಿಟ್ಟು ನೀರು ಬಿಡುವುದು.

“ಸರ, ಇದರ ಕೊಳವಿ ಬಕೆಟ್‌ನ್ಯಾಗ ಇಡ್ಲೇನ್ರಿ?”

“ಇಡ್ರಿ ನೀಲವ್ವ. ಕಿವಿ ಮುಚ್ಚಿಕೊಳ್ರಿ ಮತ್ತ.”

ನೀರು ಏರಿತು, ತುಂಬಿತು, ನೆಲಕ್ಕೆ ಚೆಲ್ಲಿತು. ಕಿವಿ ಮುಚ್ಚಿಕೊಂಡವರೆಲ್ಲ ಮುಚ್ಚಿಕೊಂಡೇ ನಿಂತಿದ್ದರು.

“ಸರ, ಮುಣುಗಿತ್ರಿ. ಇನ್ನೂ ಸುಮ್ನ ಐತಿ.” ನೀಲವ್ವ ನಲ್ಲಿ ನಿಲ್ಲಿಸಿದಳು. “ನಮ್ಮ ತವರಮನಿ ಹೊಳಿದಂಡಿಗೇ ಐತ್ರಿ. ಅಲ್ಲಿಗೂ ಇದ ಪೆಟಗಿನ ಕಳಸ್ತೀರೇನು?”

ರುದ್ರಗೌಡನ ಬಾಯಲ್ಲಿದ್ದ ಪೇಢೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಟಿಕ್ ತೆಗೆದದ್ದನ್ನು ಹೇಳಿದ, ಯಾಕೆ ತೆಗೆದೆ ಎಂದೂ ಹೇಳಿದ. ನೀಲವ್ವ ಒಂದೇ ಪ್ರಶ್ನೆ ಕೇಳಿದಳು: “ಮೊದಲನೇ ಎರರ್ ಯಾವ್ದಿತ್ರಿ?”

ಅವನಿಗೆ ಗೊತ್ತಿರಲಿಲ್ಲ. ಬೆಳಗಿನಿಂದ ಅಷ್ಟೊಂದು ಎರರ್ ಜೊತೆ ಜಗಳಾಡಿದವನು ಮೊದಲನೆಯದರ ಮುಖವನ್ನೇ ನೋಡಿರಲಿಲ್ಲ! ಯಾವುದಿರಬಹುದು? ಸಿಟ್ಟು ಇಳಿದ ಜಾಗದಲ್ಲಿ ಅವನಿಗೆ ಕುತೂಹಲ ಹುಟ್ಟಿತು. ಟಿಕ್ ಮತ್ತೆ ಹಾಕಿದ. ಈ ಸಲ ಎಂಟು ಬೇಡ, ಒಂದೇ ಸಾಕು, ಮೊದಲನೇ ಎರರಿಗೇ ನಿಲ್ಲಲಿ ಎಂದು ಬಿಲ್ಡ್ ಹಚ್ಚಿದ. ನಿಧಾನ. ಬಹಳ ನಿಧಾನ. ಇಪ್ಪತ್ತು ನಿಮಿಷಕ್ಕೆ ಬಂತು. ಅದು ಇದ್ದದ್ದು ನೀರಿನ ಮಟ್ಟ ಓದುವ ಭಾಗದ ಕಡತಗಳೆಲ್ಲ ಮೊದಲು ಓದಿಕೊಳ್ಳುವ ಒಂದು ಕಡತದಲ್ಲಿ. ಹಿಂದಿನ ಸಂಜೆ ಅದರಲ್ಲಿ ಎರಡು ಸಾಲು ಸೇರಿಸಿದವನು ರುದ್ರಗೌಡನೇ. ಒಂದು ಆವರಣ ಚಿಹ್ನೆ ತೆರೆದಿದ್ದ, ಫೋನ್ ಬಂತು, ಮುಚ್ಚದೆ ಎದ್ದುಹೋಗಿದ್ದ. ಅದನ್ನು ಓದಿಕೊಂಡ ಕಡತಗಳೆಲ್ಲ ಆ ಗುಂಡಿಗೆ ಬಿದ್ದಿದ್ದವು.

ಮುಚ್ಚಿದ. ಇನ್ನೂರಾ ಹದಿನಾಲ್ಕೂ ಹೋದವು. ಉಳಿದವು ಅವನೇ ‘ತಿದ್ದಿದ’ ಸಾಲುಗಳ ಎರರ್ ಮಾತ್ರ. ತಿದ್ದಿದ್ದನ್ನೆಲ್ಲ ಒಂದೊಂದಾಗಿ ಮೊದಲಿನಂತೆ ಮಾಡಿದ.

“ತಪ್ಪು ನಂದೋ, ಇರ್ಫಾನ.”

“ಅನಿಸಿತ್ರಿ ಸರ.”

“ಅನಿಸಿದ್ರ ಹೇಳಬಾರ್ದಾಗಿತ್ತೇನು?”

“ಕೇಳೋ ಹಂಗ ಇದ್ದಿಲ್ರಿ ನೀವು.”

ಸಂಜೆ ಐದಕ್ಕೆ ಪೆಟ್ಟಿಗೆ ಕೂಗಿದ ಕೂಗಿಗೆ ಎದುರಿನ ಹೋಟೆಲಿನವರು ಓಡಿಬಂದರು. ಮರುದಿನ ಪೆಟ್ಟಿಗೆಗಳು ಹೊರಟವು.

ಈಗ ನೀವು ಹೇಳಿ, ತಾಯಂದಿರೇ. ಮನೆಯಲ್ಲಿ ಜಗಳವಾದಾಗ ನೀವು ಉತ್ತರ ಕೊಡುವುದು ಯಾವ ಮಾತಿಗೆ? ಕೊನೆಯ ಮಾತಿಗೆ. ಯಾವಾಗಲೂ ಕೊನೆಯ ಮಾತಿಗೆ! ಅದು ನಿಮ್ಮದಲ್ಲ, ಅವರದು. ಹಾಗಾಗಿ ತಪ್ಪೂ ಅವರದು. ತಿದ್ದಲು ಹೋಗುತ್ತೀರಿ, ಹದಿನೇಳು ಹೆಚ್ಚಾಗುತ್ತವೆ. ಕಡೆಗೆ ಏನು ಮಾಡುತ್ತೀರಿ? “ಅತ್ತಿಗೆ ಜೊತೆ ಮಾತು ಬಿಟ್ಟು ಮೂರು ವರ್ಷವಾಯಿತು, ಈಗ ಮನೆ ಶಾಂತವಾಗಿದೆ” ಎನ್ನುತ್ತೀರಿ. ಶಾಂತವಾಗಿಲ್ಲ, ತಾಯಿ. ನೀವು ಟಿಕ್ ತೆಗೆದಿದ್ದೀರಿ.

ಇವತ್ತು ಮನೆಗೆ ಹೋದವರೇ ಟಿವಿ ಹಾಕಬೇಡಿ. ಕೂತು, ಒಂದೊಂದೇ ಮಾತನ್ನು ದಾಟಿಕೊಂಡು ಹಿಂದಕ್ಕೆ ಹೋಗಿ. ಸಿಟ್ಟಿನಿಂದಲ್ಲ, ಪಕ್ಕದ ಮನೆಯ ಸಂಗತಿ ಕೇಳುವಾಗ ನಿಮಗಿರುತ್ತದಲ್ಲ, ಆ ಕುತೂಹಲದಿಂದ ಹೋಗಿ. ಮೊದಲನೇ ಮಾತು ಸಿಗುವವರೆಗೆ ನಿಲ್ಲಬೇಡಿ. ಅದು ನಿಮ್ಮದಾಗಿದ್ದರೆ ಅತ್ತಿಗೆಗೆ ಫೋನ್ ಮಾಡಿ. “ಅವತ್ತು ಮೊದಲು ಅಂದವಳು ನಾನೇ” ಎನ್ನಿ. ಅದರ ಹಿಂದೆ ‘ಆದರೆ’ ಸೇರಿಸಬೇಡಿ. ಅಷ್ಟು ಹೇಳಿ, ಅವರು ಏನು ಅನ್ನುತ್ತಾರೋ ಪೂರ್ತಿ ಕೇಳಿಸಿಕೊಳ್ಳಿ.