ಫರಸಿ ಚೂರಿನ ಗುಡ್ಡ

ಇಲ್ಲೋ ಫರ್ಹಾನ, ಏಳಂಗಿಲ್ಲ ನಾ! ಬೇಕಾದ್ರ ಆ ಜೆಸಿಬಿ ನನ್ನ ಎದಿ ಮ್ಯಾಲೆ ಹತ್ತಿಸು. ಅರವತ್ತೆಂಟು ವರ್ಷದ ಮುದುಕ, ಇದ್ದರೆಷ್ಟು, ಹೋದರೆಷ್ಟು! ಆದ್ರ ಈ ಗುಡ್ಡ ಮುಟ್ಟಬ್ಯಾಡ. ಮ್ಯಾಲೆ ಗುಡ್ಡದ ಮುತ್ಯಾ ಕುಂತಾನ. ಭಾಳ ಸಿಟ್ಟಿನ ದೇವರು!

ಯಾಕ ನಗಾಕತ್ತಿ? ಹೂಂ, ನಗು ನಗು. ಕ್ರಶರ್ ಗುತ್ತಿಗಿ ಹಿಡದೀದಿ, ಇನ್ನ ದೇವರಿಗೆ ಎಲ್ಲಿ ಹೆದರ್ತಿ?

ಆತು, ಇಳಿ ಕೆಳಗ. ಇಂಜಿನ್ ಬಂದ್ ಮಾಡು. ಕುಂದರು ಇಲ್ಲಿ ನೆರಳಾಗ... ಖರೆ ಹೇಳ್ತೀನಿ, ಯಾರ ಮುಂದೂ ಬಾಯಿ ಬಿಡಬ್ಯಾಡ.

ನಮ್ಮ ರಾವೂರಾಗ ಗುಡ್ಡ ಎಲ್ಲಿತ್ತೋ? ನಮ್ಮಜ್ಜನ ಕಾಲಕ್ಕ ರೊಟ್ಟಿ ಹಂಚಿನಂಗ ಸಪಾಟ ನೆಲ. ಖಣಿ ಹೊಡದ್ವಿ, ಪದರ ಪದರ ಫರಸಿ ಎಬ್ಬಿಸಿದ್ವಿ. ಚಲೋ ಕಲ್ಲು ಲಾರಿ ಹತ್ತಿ ಹೋತು, ಒಡದ ಚೂರು ಇಲ್ಲಿ ಬಿತ್ತು. ಐವತ್ತು ವರ್ಷ ಬಿತ್ತು! ಆ ತಗ್ಗೂ ನಮ್ದೇ, ಈ ಗುಡ್ಡನೂ ನಮ್ದೇ. ಈಗ ಆ ತಗ್ಗಿನ ನೀರಿಗೆ ಮಂದಿ ಗಂಗಮ್ಮ ಅಂತ ಕಾಯಿ ಒಡೀತಾರ. ಸನ್ನತಿಯೊಳಗ ಹಿರಿಯರು ಇಂಥಾ ಕಲ್ಲಿನ ಮ್ಯಾಲೇ ಬುದ್ಧನ ಕತಿ ಕೆತ್ತಿ ಹೋದ್ರು. ನಾವೇನ್ ಮಾಡಿದ್ವಿ? ಅರ್ಧ ಜಿಲ್ಲಾದ ಪಾಯಖಾನಿಗೆ ಹಾಸಿದ್ವಿ!

ಮುತ್ಯಾ? ಮುತ್ಯಾನ್ನೂ ನಾನೇ ಮಾಡಿದ್ದೋ! ರಸ್ತೆ ಅಗಲ ಮಾಡೂ ಮುಂದ ಕಿತ್ತೊಗದ ಮೈಲಿಗಲ್ಲು ಅದು. 'ವಾಡಿ ಆರು' ಅಂತ ಬರದಿತ್ತು. ತಲಿಕೆಳಗ ನಿಲ್ಲಿಸಿ ಎಣ್ಣಿ ಕುಂಕುಮ ಬಳದೆ, ಮುಗೀತು. ಐದು ವರ್ಷದಾಗ ಹರಕಿ ಏನು, ದೀಡ ನಮಸ್ಕಾರ ಏನು! ನನ್ನ ಹೆಂಡ್ತಿ ಯಂಕಮ್ಮ, 'ನನ್ನ ಗಂಡನ ಬೀಡಿ ಬಿಡಸಪ್ಪಾ' ಅಂತ ಅವಗೇ ಹರಕಿ ಹೊತ್ತಳು. ನಾ ನಿಲ್ಲಿಸಿದ ದೇವರು ನನ್ನ ಬೀಡಿಗೇ ಕುತ್ತು ತಂತು! ಕಾಲೇಜಿನ ಲುಂಬಿನಿ ಮೇಡಮ್ ಖಣಿ ಇತಿಹಾಸ ಬರಕೊಳ್ಳಾಕ ಬಂದಿದ್ರು. 'ಅಜ್ಜಾ, ಈ ದೇವರು ಎಷ್ಟು ಹಳೇದು?' ಅಂದ್ರು. 'ಸಾವಿರ ವರ್ಷ ದಾಟೇದ್ರಿ' ಅಂದೆ. ಬರಕೊಂಡ್ರು, ಪಾಪ!

ಏನಂದಿ? ಯಾಕ ನಿಲ್ಲಿಸಿದೆ?... ಸುಮ್ಮ... ಚ್ಯಾಷ್ಟಿಗೋ. ಯಾವಾಗಂದ್ರ... ಇಪ್ಪತ್ತಾರು ವರ್ಷ ಆಗಿರಬೇಕು. ನೀ ನಾಕು ವರ್ಷದಾಂವ ಇದ್ದಿ. ಹೌದು, ನಿಮ್ಮಪ್ಪ ಬಾಬುಮಿಯಾ ಊರು ಬಿಟ್ಟ ವರ್ಷನೇ. ಅಯ್ಯ, ಅದಕ್ಕೂ ಇದಕ್ಕೂ ಏನು ಸಂಬಂಧ? ಅಂವ ಯಾವಾಕಿ ಸಂಗಟನೋ ವಾಡಿಯೊಳಗ ಸೊಲ್ಲಾಪುರದ ರೈಲು ಹತ್ತಿದ. ನಾನೇ ಕಣ್ಣಾರೆ ನೋಡಿ ನಿಮ್ಮಮ್ಮಿಗೆ ಹೇಳೀನಲ್ಲ!

ಲೋಬಾನ? ಯಾವ ಲೋಬಾನ?... ಓ, ಅದನ್ನೂ ನೋಡೀದಿ. ಹಾಕ್ತೀನಪಾ, ದರ್ಗಾದಾಗ ಹಾಕೂ ಆ ಧೂಪ ಪ್ರತಿ ಶುಕ್ರವಾರ ಹಾಕ್ತೀನಿ. ಮುತ್ಯಾಗ ಆ ವಾಸನಿ ಸೇರತದ. ದೇವರಿಗೆ ಎಲ್ಲಿ ಜಾತಿ? ಮೈಲಿಗಲ್ಲಿಗಂತೂ ಮೊದ್ಲೇ ಇಲ್ಲ!

ನಗಲಿಲ್ಲ ನೀ. ಇದಕ್ಕ ನಗಬೇಕಿತ್ತು... ಹಾಂಗ ನೋಡಬ್ಯಾಡ ಬೇಟಾ, ನಿಮ್ಮಪ್ಪ ನೋಡಿದಂಗ ಆಗ್ತದ.

ಅವತ್ತು ಪಾಳಿ ನಂದಿತ್ತು. ಗುಡ್ಡದ ಬುಡದಾಗ ಒಂದು ಪದರ ಕಲ್ಲು ಉಳದಿತ್ತು. ನಾ ಸಿಂಧಿ ಕುಡದಿದ್ದೆ, ಕಾಲು ನಿಲ್ಲವಲ್ದಾಗಿತ್ತು. 'ನೀ ಮಲಗು ದೋಸ್ತ, ನಾ ಎಬ್ಬಿಸಿ ಬರ್ತೀನಿ' ಅಂದು ನಿಮ್ಮಪ್ಪ ಕಬ್ಬಿಣದ ಹಾರಿ ತಗೊಂಡು ಹೋದ. ಸಂಜಿ ಆಗಿತ್ತು, ಮಂದಿ ಎಲ್ಲ ಮನಿಗೆ ಹೋಗಿದ್ರು. ಮ್ಯಾಲಿಂದ ಚೂರು ಜಾರಿತು... ಜಾರಿತು ಅಂದ್ರ, ಅರ್ಧ ಗುಡ್ಡನೇ ಬಂತೋ! ಎರಡು ತಾಸು ಕೈಲೆ ಬಗದೆ. ಒಂದು ದನಿ ಬರಲಿಲ್ಲ.

ಅಂಜಿದೆ. ಕುಡದು ದೋಸ್ತನ್ನ ಕೊಂದಾನ ಅಂತ ಜೇಲಿಗೆ ಹಾಕ್ತಾರಂತ ಅಂಜಿದೆ. ಮುಂಜಾನೆ ಎಲ್ಲಾರೂ ಕೇಳಿದ್ರು, ಬಾಯಿಗೆ ರೈಲು ಬಂತು. ಯಾರೂ ಅಗೀಬಾರದಂತ ಮ್ಯಾಲೆ ದೇವರು ಕುಂದರಿಸಿದೆ. ಇವತ್ತು ಜೆಸಿಬಿ ಬಾಯಾಗ ಅಂವ ಸಿಗಬಾರದು ಫರ್ಹಾನ, ಅದೂ ಮಗನ ಕೈಯಿಂದ! ಅದಕ್ಕ ಬಂದು ಕುಂತೆ.

ಬೈಯೋ. ಹೊಡಿಯೋ. ನಿಮ್ಮಮ್ಮಿ ಶಗುಫ್ತಾ, ಗಂಡ ಓಡಿಹೋದಾಕಿ ಅನ್ನಿಸಿಕೊಂಡು ಇಪ್ಪತ್ತಾರು ವರ್ಷ ಈ ಓಣ್ಯಾಗ ತಲಿ ತಗ್ಗಿಸಿ ಓಡಾಡ್ಯಾಳ. ನಾ ದಿನಾ ನೋಡೀನಿ. ನೋಡಿ ಸುಮ್ಮನಾಗೀನಿ...

ಫೋನ್ ಯಾರಿಗೆ ಹಚ್ಚಾಕತ್ತಿ? ಪೊಲೀಸರಿಗೆ? ಹಚ್ಚು. ಬರ್ತೀನಿ ನಾ.

ನನ್ನ ಕೈಯಾಗ ಯಾಕ ಕೊಡ್ತಿ? ಬ್ಯಾಡೋ... ಬ್ಯಾಡ ಬೇಟಾ, ನನ್ನ ಕೈಲೆ ಆಗಂಗಿಲ್ಲ... ಏ, ಎತ್ತಿದ್ರೋ...

ಹಲೋ... ಭಾಬಿ? ನಾನ್ರಿ, ತಮ್ಮಣ್ಣ. ನಿಮ್ಮ ಬಾಬುಮಿಯಾ ಯಾವ ರೈಲೂ ಹತ್ತಿಲ್ಲರಿ.