ಕ್ವಾಡ್ ಬೈಕನ್ನು ತಗ್ಗಿಸಿದ ಕೆಲಸದ ಬಗ್ಗೆ ಲೇತ್ ಅಂಗಡಿಯ ಗುರುದೇವಿ ಬರೆಸಿದ್ದು

ಹೆಸರು ಗುರುದೇವಿ, ಗಂಡ ದಿವಂಗತ ಚನ್ನು, ವಯಸ್ಸು 41 ವರ್ಷ, ಉದ್ಯೋಗ ಲೇತ್ (ಕಬ್ಬಿಣ ಕಡೆಯುವ ಯಂತ್ರ) ಕೆಲಸ, ಸ್ವಂತ ಊರು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕು, ಹದಿನಾರು ವರ್ಷದಿಂದ ವಾಸ ಹೈದರಾಬಾದಿನ ಜೀಡಿಮೆಟ್ಲಾ, ಅಂಗಡಿಯ ಮೇಲಿನ ಕೋಣೆ.

ಠಾಣೆಯವರು ನನಗೆ 21ನೇ ತಾರೀಖು ಬರಲು ಹೇಳಿದ್ದರೂ ಒಂದು ದಿನ ಮೊದಲೇ, ಈ ದಿನ 20-11-2024ರಂದು ಬೆಳಿಗ್ಗೆ 10-15ಕ್ಕೆ, ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ, ನನಗೆ ತೆಲುಗು ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ಕನ್ನಡ ಬಲ್ಲ ಹೆಡ್ ಕಾನ್‌ಸ್ಟೇಬಲ್ ಸೂರ್ಯನಾರಾಯಣ ಅವರು ನಾನು ಹೇಳಿದ್ದನ್ನು ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದಾರೆ.

ಗಂಡ ತೀರಿದ ಮೇಲೆ ಒಂಬತ್ತು ವರ್ಷದಿಂದ ಲೇತ್ ಅಂಗಡಿಯನ್ನು ನಾನೊಬ್ಬಳೇ ನಡೆಸುತ್ತಿದ್ದೇನೆ. ಕಾರ್ಖಾನೆಗಳ ಪಂಪಿನ ಶಾಫ್ಟು, ಬುಷ್ ಕಡೆದು ಕೊಡುತ್ತೇನೆ. ಇಷ್ಟು ವರ್ಷದಲ್ಲಿ ನನ್ನ ಕೆಲಸ ಮುರಿದು ಬಂದಿಲ್ಲ.

ದಿನಾಂಕ 26-10-2024, ಶನಿವಾರ, ಬೆಳಿಗ್ಗೆ 11-30ಕ್ಕೆ ಮನೋಜ ಎಂಬಾತ ಟ್ರಾಲಿ ಆಟೋದಲ್ಲಿ ಒಂದು ಕೆಂಪು ಕ್ವಾಡ್ ಬೈಕನ್ನು ತಂದನು. ಇದು ನಾಲ್ಕು ದಪ್ಪ ಗಾಲಿಗಳಿದ್ದು ಬೈಕಿನಂತೆ ಹ್ಯಾಂಡಲ್ ಹಿಡಿದು ಓಡಿಸುವ ಗಾಡಿ. ಮನೋಜನಿಗೆ ಸುಮಾರು 35 ವರ್ಷ, ಬೆಂಗಳೂರಿನವನು. ಪಟಾನ್‌ಚೆರುವಿನಿಂದ 11 ಕಿ.ಮೀ. ದೂರದಲ್ಲಿ ಜಾಗ ಹಿಡಿದು ಇಂಥ ಗಾಡಿಗಳ ಮಣ್ಣಿನ ಟ್ರ್ಯಾಕ್ ನಡೆಸುತ್ತಾನೆ. ಜೊತೆಗೆ ನಿಖಿತಾ ಇದ್ದಳು. ವಯಸ್ಸು 23, ಗಂಗಾವತಿ ಕಡೆಯವಳು, ಅದೇ ಟ್ರ್ಯಾಕಿನಲ್ಲಿ ಬಂದವರಿಗೆ ಗಾಡಿ ಕಲಿಸುತ್ತಾಳೆ.

ಗಾಡಿ ಎತ್ತರವಾಗಿದ್ದು ತಿರುವಿನಲ್ಲಿ ಮಗುಚುವಂತಾಗುತ್ತದೆ, ನವೆಂಬರ್ 17ರ ರೇಸಿಗೆ ಅದನ್ನು ತಗ್ಗಿಸಬೇಕು, ಹೊರಗಿನಿಂದ ಗಿಡ್ಡ ಶಾಕ್ ಅಬ್ಸಾರ್ಬರ್ ತರಿಸಿದರೆ ಗಾಡಿಯ ಅರ್ಧ ಬೆಲೆಯಾಗುತ್ತದೆ, ಕಡಿಮೆಯಲ್ಲಿ ಇಲ್ಲೇ ಮಾಡಿಕೊಡಿ ಎಂದು ಮನೋಜ ಕೇಳಿದನು. ನಾನು ಒಪ್ಪಿದೆನು. ಮುಂದಿನ ಎರಡು ಶಾಕ್‌ಗಳ ಒಳಗೆ ಉಕ್ಕಿನ ಉಂಗುರ ಕೂರಿಸಿದೆ. ಹಿಂದಿನ ಶಾಕ್‌ಗೆ ಜೋಡಿಸುವ ಲಿಂಕ್ ಪಟ್ಟಿಗಳನ್ನು ಮೊದಲಿಗಿಂತ 18 ಮಿ.ಮೀ. ಉದ್ದವಾಗಿ ಹೊಸದಾಗಿ ಮಾಡಿದೆ. ನೆಲದಿಂದ ಗಾಡಿಯ ಹೊಟ್ಟೆಗೆ ಹತ್ತು ಇಂಚಿದ್ದದ್ದು ಏಳೂವರೆಗೆ ಬಂತು. ಹಿಂದಿನ ಸ್ಪ್ರಿಂಗ್ ಬಿಚ್ಚಿ, ಗಾಲಿಯನ್ನು, ಅದು ಮಿತಿ ಮೀರಿ ಮೇಲೇಳದಂತೆ ಹಾಕಿರುವ ತಡೆ ರಬ್ಬರಿಗೆ ತಾಗುವವರೆಗೆ ಎತ್ತಿ ನೋಡಿದೆ. ಟೈರಿಗೂ ಮಡ್‌ಗಾರ್ಡಿನ ಒಳಗಿನ ಕಬ್ಬಿಣದ ಪಟ್ಟಿಗೂ ನಡುವೆ 24 ಮಿ.ಮೀ. ಸಂದು ಉಳಿದಿತ್ತು. ಎಷ್ಟೇ ಕುಣಿದರೂ ತಾಗದು ಎಂದು ಖಾತ್ರಿಯಾದ ಮೇಲೆಯೇ 1-11-2024ರಂದು ಗಾಡಿ ಕೊಟ್ಟೆನು.

ಆ ಆರು ದಿನದಲ್ಲಿ ನಿಖಿತಾ ಮೂರು ಸಲ ಬಂದು ನನ್ನ ಜೊತೆ ಕೂತು ಅಳತೆ ಹಿಡಿದಳು. ಒಮ್ಮೆ ಅವಳು, "ಅಕ್ಕಾರ, ನೀವು ಈ ಮಷೀನ್ ಓಡಸ್ತೀರಿ, ನಾ ಆ ಗಾಡಿ ಓಡಸ್ತೀನಿ. ಮಂದಿ ಮಾತ್ರ ನಾವೇನೋ ಕಳವು ಮಾಡಾಕತ್ತೀವಿ ಅನ್ನೂಹಂಗ ನಿಂತು ನೋಡ್ತಾರ ನೋಡ್ರಿ" ಎಂದಳು. ಅವಳ ಫೋನ್ ನಂಬರ್ ನನ್ನ ಬಳಿ ಇದೆ.

ದಿನಾಂಕ 9-11-2024, ಸಂಜೆ 5-00ಕ್ಕೆ ಮನೋಜ ಒಬ್ಬನೇ ಬಂದನು. ಇನ್ನೂ ಒಂದೂವರೆ ಇಂಚು ತಗ್ಗಬೇಕು, ಹಿಂದಿನ ಸ್ಪ್ರಿಂಗನ್ನು ಗ್ರೈಂಡರಿನಲ್ಲಿ ಒಂದೂವರೆ ಸುತ್ತು ಕತ್ತರಿಸಿ, ತಡೆ ರಬ್ಬರ್ ತೆಗೆದುಬಿಡು ಎಂದನು. ಹಾಗೆ ಮಾಡಿದರೆ ಟೈರು ಮಡ್‌ಗಾರ್ಡಿಗೆ ಕಚ್ಚಿ ಗಾಲಿ ನಿಂತುಹೋಗುತ್ತದೆ, ನಾನು ಮಾಡುವುದಿಲ್ಲ ಎಂದೆನು. ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳಿದ್ದರು. ಅವರ ಎದುರಿಗೇ ಅವನು, "ಏನ್ ದೊಡ್ಡ ಇಂಜಿನಿಯರ್ ಥರ ಆಡ್ತೀಯಾ? ಗಂಡ ಸತ್ತ ಅಂತ ಅಂಗಡೀಲಿ ಕೂತವಳು ನೀನು. ಹೇಳಿದಷ್ಟು ಕೊಯ್ದು ಕೊಡು, ಸಾಕು" ಎಂದನು. ನಾನು ಲೇತ್ ಚಾಲೂ ಮಾಡಿದೆನು. ಅವನು ಇನ್ನೂ ಏನೇನೋ ಹೇಳಿದನು, ಕೇಳಿಸಲಿಲ್ಲ. ಆ ಮಾತನ್ನು ನಾನು ಏಳು ದಿನ ಮರೆಯಲಿಲ್ಲ.

ದಿನಾಂಕ 16-11-2024, ಶನಿವಾರ, ಸಂಜೆ 4-10ಕ್ಕೆ ಮನೋಜ ಅದೇ ಗಾಡಿಯನ್ನು ಟ್ರಾಲಿಯಲ್ಲಿ ತಂದು, ಹ್ಯಾಂಡಲಿನ ಬುಷ್, ಅಂದರೆ ಕಂಬಿ ತಿರುಗುವ ಲೋಹದ ಬಳೆ, ಸವೆದಿದೆ, ತುರ್ತಾಗಿ ಬೇಕು ಎಂದನು. ಇಪ್ಪತ್ತು ನಿಮಿಷದ ಕೆಲಸ. ಅಳತೆ ತೆಗೆಯಲು ಟ್ರಾಲಿ ಹತ್ತಿದಾಗ ಹಿಂದಿನ ಸ್ಪ್ರಿಂಗ್ ಕಂಡಿತು. ಕೆಳತುದಿ ಗ್ರೈಂಡರಿನ ಬಿಸಿಗೆ ನೀಲಿಯಾಗಿತ್ತು. ತಡೆ ರಬ್ಬರ್ ಇರಲಿಲ್ಲ. ಮನೋಜ ಐದು ಹೆಜ್ಜೆ ದೂರದಲ್ಲಿ ಫೋನಿನಲ್ಲಿದ್ದನು. ನಾನು ಸೀಟಿನ ಮೇಲೆ ಮೊಣಕಾಲೂರಿ ಮೈಭಾರ ಬಿಟ್ಟು ನೋಡಿದೆ. ಟೈರು ಕಬ್ಬಿಣದ ಪಟ್ಟಿಗೆ ತಾಗಿತು. ನನ್ನ ತೂಕ 56 ಕಿಲೋ.

ಮನೋಜ ಬಂದು ನಕ್ಕು, "ನೋಡಿದ್ಯಾ? ನೀನು ಆಗಲ್ಲ ಅಂದಿದ್ದನ್ನ ಬೇರೆಯವನು ಅರ್ಧ ಗಂಟೇಲಿ ಮಾಡ್ಕೊಟ್ಟ" ಎಂದನು. ನಾಳೆ ಓಡಿಸುವವರು ಯಾರು ಎಂದು ಕೇಳಿದೆ. ತಾನೇ ಓಡಿಸುವುದು, ಈ ಗಾಡಿಯನ್ನು ಬೇರೆ ಯಾರಿಗೂ ಮುಟ್ಟಲು ಕೊಡುವುದಿಲ್ಲ ಎಂದನು. ಓಡಿಸಬೇಡ ಎನ್ನುವ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಹೇಳಲಿಲ್ಲ. ಬೀಳಲಿ, ಒಮ್ಮೆ ಮಣ್ಣು ಮುಕ್ಕಲಿ ಎಂದುಕೊಂಡೆನು. ಬುಷ್ ಕಡೆದು ಕೊಟ್ಟು ಕಳುಹಿಸಿದೆನು. ನಿಖಿತಾಳಿಗೂ ಫೋನ್ ಮಾಡಲಿಲ್ಲ.

ದಿನಾಂಕ 17-11-2024, ಭಾನುವಾರ, ಬೆಳಿಗ್ಗೆ 8-12ಕ್ಕೆ ನಿಖಿತಾಳ ನಂಬರಿನಿಂದ ಕರೆ ಬಂತು. ಬುಷ್ ಸರಿಯಿಲ್ಲವೆಂದು ಮನೋಜನೇ ಅವಳಿಂದ ಕರೆ ಮಾಡಿಸುತ್ತಿದ್ದಾನೆ ಎಂದುಕೊಂಡು ನಾನು ಎತ್ತಲಿಲ್ಲ. ಆಗ ಲೇತ್ ಓಡುತ್ತಿರಲಿಲ್ಲ. ನಾನು ಚಹಾ ಕುಡಿಯುತ್ತಿದ್ದೆನು. 8-40ಕ್ಕೆ ಅದೇ ನಂಬರಿನಿಂದ ಮತ್ತೆ ಕರೆ ಬಂತು. ಮಾತನಾಡಿದ್ದು ಬೇರೆ ಹೆಂಗಸು. ಈ ಫೋನಿನ ಹುಡುಗಿಗೆ ಅಪಘಾತವಾಗಿ ಕಾಲು ಮುರಿದಿದೆ, ಕೊನೆಗೆ ಕರೆ ಮಾಡಿದ್ದು ನಿಮಗೇ ಎಂದು ಕಂಡಿತು, ನೀವು ಅವಳ ಮನೆಯವರಾ ಎಂದು ಹಿಂದಿಯಲ್ಲಿ ಕೇಳಿದಳು.

ದಿನಾಂಕ 18-11-2024, ಬೆಳಿಗ್ಗೆ 10-30ಕ್ಕೆ ಮನೋಜ ಇಬ್ಬರು ಗಂಡಸರೊಂದಿಗೆ ಅಂಗಡಿಗೆ ನುಗ್ಗಿದನು. ನಿನ್ನ ಲಿಂಕ್ ಪಟ್ಟಿಯಿಂದಲೇ ಗಾಡಿ ಮಗುಚಿದ್ದು, ತಪ್ಪು ನಿನ್ನದೆಂದು ಒಪ್ಪಿ ಬರೆದು ಸಹಿ ಹಾಕು ಎಂದನು. ಪಟ್ಟಿ ಎಲ್ಲಿ ಮುರಿದಿದೆ ತೋರಿಸು ಎಂದೆನು. ತೋರಿಸಲಿಲ್ಲ. ಜೊತೆಗಿದ್ದವರಲ್ಲಿ ಒಬ್ಬನು ಅಳತೆ ಸಾಮಾನಿನ ತಟ್ಟೆಯನ್ನು ನೆಲಕ್ಕೆ ಕೆಡವಿದನು. ನಾನು ಕೈಯಲ್ಲಿದ್ದ, ನಟ್ಟು ಬಿಗಿಸುವ ದೊಡ್ಡ ಪಾನಾ ಎತ್ತಿದ್ದು ನಿಜ. "ಹೆಣ್ಣಮಗಳ ಕಾಲು ಮುರಿಸಿ ಸಹಿ ಕೇಳಾಕ ಬಂದೀಯೇನು? ಹೊರಗ ನಡಿ" ಎಂದದ್ದೂ ನಿಜ. ಹೊಡೆಯಲಿಲ್ಲ. ಅಕ್ಕಪಕ್ಕದ ಅಂಗಡಿಯವರು ಬಂದ ಮೇಲೆ ಅವರು ಹೋದರು. ಅದೇ ದಿನ ಅವನು ನನ್ನ ಮೇಲೆ ದೂರು ಕೊಟ್ಟಿದ್ದಾನೆ. ಆ ದೂರಿನ ಮೇಲೆಯೇ ನನಗೆ 21ನೇ ತಾರೀಖು ಬರಲು ಹೇಳಿದ್ದು.

ದಿನಾಂಕ 19-11-2024, ಮಧ್ಯಾಹ್ನ 3-00ಕ್ಕೆ ಆಸ್ಪತ್ರೆಗೆ ಹೋದೆನು. ನಿಖಿತಾಳ ಸೊಂಟದ ಎಲುಬು ಮುರಿದಿದೆ, ಬಲಗಾಲಿಗೆ ರಾಡ್ ಹಾಕಿದ್ದಾರೆ. ನಡೆಯಲು ಆರು ತಿಂಗಳು ಬೇಕಂತೆ. ನಡೆದದ್ದನ್ನು ಅವಳೇ ನನಗೆ ಹೇಳಿದಳು. ಮನೋಜ ರೇಸಿಗೆ ಮೊದಲು ಒಂದು ಸುತ್ತು ಹೋಗಿ, ಹಿಂದೆ ಏನೋ ಉಜ್ಜುತ್ತಿದೆ ಎಂದು ಇಳಿದನಂತೆ. ನೀನು ಹಗುರ ಇದ್ದೀಯ, ನಿನಗೆ ತಾಗಲ್ಲ, ನೀನೇ ಓಡಿಸು ಎಂದನಂತೆ. ಅವಳಿಗೆ ಮನಸ್ಸಿರಲಿಲ್ಲ. ನನ್ನನ್ನು ಕೇಳಿ ಹತ್ತೋಣವೆಂದು ಫೋನ್ ಮಾಡಿದಳಂತೆ. 8-25ಕ್ಕೆ ಎರಡನೇ ದಿಬ್ಬದ ಮೇಲೆ ಗಾಲಿ ಕಚ್ಚಿ ನಿಂತು ಗಾಡಿ ಅವಳ ಮೇಲೆ ಬಿದ್ದಿದೆ.

"ನೀವು ಮಷೀನ್ ಮ್ಯಾಲಿದ್ರಿ ಅನಸತೈತಿ, ಕೇಳಿಸಿರೂದಿಲ್ಲ ಬಿಡ್ರಿ" ಎಂದಳು.

4-20ಕ್ಕೆ ಠಾಣೆಯವರು ಬಂದು ಅವಳ ಹೇಳಿಕೆ ಪಡೆದರು. ನಾನು ಮಂಚದ ಕಾಲ್ದೆಸೆಗೆ ನಿಂತಿದ್ದೆನು. ಅವಳು ತಲೆ ಎತ್ತಲಾಗದೆ ಮಲಗಿಯೇ, "ಅಕ್ಕಾರದು ತಪ್ಪಿಲ್ರಿ ಸಾಹೇಬ್ರ. ಅವರ ಕೆಲಸ ಪಕ್ಕಾ ಇತ್ತು. ಸ್ಪ್ರಿಂಗ್ ಕೊಯ್ದಿದ್ದು ಅವರಿಗೆ ಗೊತ್ತಽ ಇಲ್ಲ. ಗೊತ್ತಿದ್ರ ನನ್ನ ಹತ್ತಾಕ ಬಿಡ್ತಿದ್ದಿಲ್ರಿ" ಎಂದಳು. ಅವಳ ತಾಯಿ ನನಗೆ ಕೂರಲು ಸ್ಟೂಲ್ ಕೊಟ್ಟಳು. ನಾನು ಕೂರಲಿಲ್ಲ.

ಸ್ಪ್ರಿಂಗ್ ಕೊಯ್ಯಿಸಿದ, ರಬ್ಬರ್ ತೆಗೆಸಿದ, ಟೈರು ಉಜ್ಜುವುದು ತಿಳಿದೂ ಬೇರೆಯವರ ಮಗಳನ್ನು ಹತ್ತಿಸಿದ ಮನೋಜನ ಮೇಲೆ ಕ್ರಮ ಜರುಗಿಸಬೇಕು. ಪಟ್ಟಿಗಳ ಅಳತೆ ಬರೆದ ಹಾಳೆಯನ್ನು ಹಾಜರುಪಡಿಸಿದ್ದೇನೆ. ಗಾಡಿಯಲ್ಲಿರುವ ಪಟ್ಟಿಗಳನ್ನು ಯಾರಿಂದ ಬೇಕಾದರೂ ಪರೀಕ್ಷೆ ಮಾಡಿಸಿರಿ.

ನಿಖಿತಾ ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಸರಿಯಲ್ಲ. ನನಗೆ ಗೊತ್ತಿತ್ತು. ಶನಿವಾರ ಸಂಜೆ 4-10ರಿಂದ ಗೊತ್ತಿತ್ತು. ಅದನ್ನು ತಿದ್ದಿಸಲು ಬಂದಿದ್ದೇನೆ. ಇದನ್ನು ಯಾರೂ ಕೇಳಿಲ್ಲ, ಬರೆಸಿದರೆ ನಿಮಗೇ ತೊಂದರೆ, ಯೋಚನೆ ಮಾಡಿರಿ ಎಂದು ಸೂರ್ಯನಾರಾಯಣ ಅವರು ಎರಡು ಸಲ ಹೇಳಿದರು. ಬರೆಯಿರಿ ಎಂದೆನು. ಇಲ್ಲಿಂದ ನೇರ ಆಸ್ಪತ್ರೆಗೆ ಹೋಗುತ್ತೇನೆ. ಅವಳು ಇದನ್ನು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಬೇಕು.

ಬರೆದದ್ದನ್ನು ನನಗೆ ಮೊದಲಿನಿಂದ ಓದಿ ಹೇಳಿದರು. ನಾನು ಹೇಳಿದಷ್ಟೇ ಇದೆ, ಹೆಚ್ಚು ಕಡಿಮೆ ಇಲ್ಲ, ಎಲ್ಲವೂ ನಿಜ.

ಸ್ಥಳ: ಪಟಾನ್‌ಚೆರು
ದಿನಾಂಕ: 20-11-2024, ಮಧ್ಯಾಹ್ನ 12-05
ಸಹಿ: ಗುರುದೇವಿ